ಪದ ಪರಿಚಯ: ಪ್ಲೇ-ಆಫ್, ಅಂದರೆ ಫುಟ್‌ಬಾಲಿನ ಸಪ್ಲಿಮೆಂಟರಿ

ನಮ್ಮಲ್ಲಿ ಪ್ಲೇ-ಆಫ್ ಅಂದ ಕೂಡಲೇ ನೆನಪಾಗುವುದು ಐಪಿಎಲ್. ಹತ್ತು ತಂಡ ಆಡುತ್ತವೆ, ಪಟ್ಟಿಯಲ್ಲಿ ಮೇಲಿನ ನಾಲ್ಕು ಪ್ಲೇ-ಆಫ್‌ಗೆ ಹೋಗುತ್ತವೆ. ಆರ್‌ಸಿಬಿ ಪ್ಲೇ-ಆಫ್‌ಗೆ ಬಂತು ಅಂದರೆ ಬೀದಿಯಲ್ಲಿ ಪಟಾಕಿ. ಅದು ಚೆನ್ನಾಗಿ ಆಡಿದವರಿಗೆ ಸಿಗುವ ಜಾಗ.

ಈಗ ಯುರೋಪಿನ ಫುಟ್‌ಬಾಲಿಗೆ ಬನ್ನಿ. ಅಲ್ಲಿ ‘ಇಟಲಿ ಪ್ಲೇ-ಆಫ್‌ಗೆ’ ಎಂಬ ಸುದ್ದಿ ಬಂದರೆ ರೋಮಿನಲ್ಲಿ ಯಾರೂ ಪಟಾಕಿ ಹಚ್ಚುವುದಿಲ್ಲ. ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಪದ ಅದೇ, ಅರ್ಥ ಮಾತ್ರ ಹೆಚ್ಚು ಕಡಿಮೆ ಉಲ್ಟಾ. ಅಲ್ಲಿ ವಿಶ್ವಕಪ್‌ಗೆ ನೇರ ದಾರಿಯಲ್ಲಿ ಪಾಸಾಗದೆ ಉಳಿದವರು ಪ್ಲೇ-ಆಫ್ ಆಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋದರೆ ಸಪ್ಲಿಮೆಂಟರಿ ಕಟ್ಟುತ್ತಿದ್ದೆವಲ್ಲ, ಹಾಗೆ. ಅದರಲ್ಲಿ ಪಾಸಾದರೆ ವರ್ಷ ಉಳಿಯಿತು, ಯಾರೂ ಆಮೇಲೆ ಕೇಳುವುದಿಲ್ಲ. ಫೇಲಾದರೆ ಮಾತ್ರ ನಾಲ್ಕು ವರ್ಷ ಕಾಯಬೇಕು.

ಸಪ್ಲಿಮೆಂಟರಿ ಅರ್ಥ ಆಗಬೇಕಾದರೆ ಮೊದಲು ಮುಖ್ಯ ಪರೀಕ್ಷೆ ಹೇಗಿದೆ ಅಂತ ನೋಡಬೇಕು. ಯುರೋಪಿನ ಫುಟ್‌ಬಾಲ್ ಒಕ್ಕೂಟದ ಹೆಸರು ಯುಯೆಫಾ. ಅದರಲ್ಲಿ 55 ಸದಸ್ಯರಿದ್ದಾರೆ. ಜರ್ಮನಿ, ಫ್ರಾನ್ಸ್‌ನಂಥ ದೊಡ್ಡವರ ಜೊತೆಗೇ ಸ್ಯಾನ್ ಮರಿನೊ, ಜಿಬ್ರಾಲ್ಟರ್, ಫ್ಯಾರೊ ದ್ವೀಪಗಳಂಥ ಪುಟಾಣಿಗಳೂ ಇವೆ. 2026ರ ವಿಶ್ವಕಪ್‌ನ 48 ಜಾಗಗಳಲ್ಲಿ ಯುರೋಪಿಗೆ ಸಿಕ್ಕಿದ್ದು 16. ರಷ್ಯಾದ ಮೇಲೆ ನಿಷೇಧ ಇದ್ದುದರಿಂದ ಕಣದಲ್ಲಿ 54 ತಂಡ. ಅವನ್ನು 12 ಗುಂಪು ಮಾಡಿದರು. ಆರು ಗುಂಪಿನಲ್ಲಿ ನಾಲ್ಕು ನಾಲ್ಕು ತಂಡ, ಇನ್ನಾರರಲ್ಲಿ ಐದೈದು. ಗುಂಪಿನೊಳಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಎರಡು ಸಲ ಆಡಬೇಕು, ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಗೆದ್ದರೆ 3 ಅಂಕ, ಸಮ ಆದರೆ 1.

ಗುಂಪಿನ ಮೊದಲ ಸ್ಥಾನಕ್ಕೆ ನೇರ ಟಿಕೆಟ್. ಅಲ್ಲಿಗೆ 12 ಜಾಗ ಮುಗಿಯಿತು. ಉಳಿದದ್ದು ನಾಲ್ಕು. ಆ ನಾಲ್ಕಕ್ಕೆ ಹದಿನಾರು ತಂಡಗಳ ನೂಕುನುಗ್ಗಲು. ಇದೇ ಪ್ಲೇ-ಆಫ್.

ಮೊದಲ ಮತ್ತು ಎರಡನೇ ಸ್ಥಾನದ ನಡುವೆ ಎಷ್ಟು ಅಂತರ ಅಂತ ಕೇಳಿದರೆ ಡೆನ್ಮಾರ್ಕಿನವರು ಹೇಳುತ್ತಾರೆ. 2025ರ ನವೆಂಬರ್ 18ರಂದು ಅವರು ಗ್ಲಾಸ್ಗೊ ನಗರದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸ್ಕಾಟ್ಲೆಂಡ್ ಎದುರು ಕೊನೆಯ ಪಂದ್ಯ ಆಡಿದರು. ಸಮ ಮಾಡಿಕೊಂಡರೂ ಸಾಕಿತ್ತು, ವಿಶ್ವಕಪ್ ಟಿಕೆಟ್ ಅವರದೇ. 90 ನಿಮಿಷ ಕಳೆದಾಗ 2-2. ಹೆಚ್ಚುವರಿ ನಿಮಿಷಗಳಲ್ಲಿ ಸ್ಕಾಟ್ಲೆಂಡಿನ ಟಿಯರ್ನಿ ದೂರದಿಂದ ಒಂದು ಹೊಡೆದ. ಆಮೇಲೆ ಡೆನ್ಮಾರ್ಕಿನ ಗೋಲ್‌ಕೀಪರ್ ಮುಂದೆ ಬಂದಿದ್ದನ್ನು ನೋಡಿ ಅವನ ಜೊತೆಗಾರ ಟಿಯರ್ನಿಯಂತೆ ಸ್ಕಾಟ್ಲೆಂಡಿನವನೇ ಆದ ಮೆಕ್‌ಲೀನ್ ಮೈದಾನದ ನಡುಗೆರೆಯ ಹತ್ತಿರದಿಂದಲೇ ಚೆಂಡು ಎತ್ತಿ ಒಳಗೆ ಹಾಕಿದ. 4-2. ಸ್ಕಾಟ್ಲೆಂಡ್ 1998ರ ನಂತರ ಮೊದಲ ಸಲ ವಿಶ್ವಕಪ್‌ಗೆ ಹೋಯಿತು. ಡೆನ್ಮಾರ್ಕ್ ಪ್ಲೇ-ಆಫ್‌ಗೆ ಹೋಯಿತು. ‘ಹೋಯಿತು’ ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಊರಲ್ಲಿ ಎಷ್ಟು ಬೇರೆ ಮುಖ ನೋಡಿ.

ಎಲ್ಲರಿಗೂ ಅದು ಸಪ್ಪೆ ಮುಖವೇ ಅಂತೇನಿಲ್ಲ. ಅದಕ್ಕೆ ಎರಡು ದಿನ ಮೊದಲು ಬುಡಾಪೆಸ್ಟ್‌ನಲ್ಲಿ ಹಂಗೇರಿಗೆ ಒಂದು ಸಮ ಸಾಕಿತ್ತು, ಐರ್ಲೆಂಡಿಗೆ ಗೆಲುವೇ ಬೇಕಿತ್ತು. 96ನೇ ನಿಮಿಷದಲ್ಲಿ ಟ್ರಾಯ್ ಪ್ಯಾರಟ್ ತನ್ನ ಮೂರನೇ ಗೋಲು ಹೊಡೆದ, ಐರ್ಲೆಂಡ್ 3-2ರಿಂದ ಗೆದ್ದಿತು. ಸಿಕ್ಕಿದ್ದು ಬರೀ ಎರಡನೇ ಸ್ಥಾನ, ಅಂದರೆ ಬರೀ ಪ್ಲೇ-ಆಫ್. ಆದರೂ ಐರಿಷ್ ಜನ ಕುಣಿದರು. ಡಿಸ್ಟಿಂಕ್ಷನ್ ಹುಡುಗನಿಗೆ ಸಪ್ಲಿಮೆಂಟರಿ ಅವಮಾನ, ಫೇಲ್ ಆದೆ ಅಂದುಕೊಂಡವನಿಗೆ ಅದೇ ಜೀವದಾನ, ಅಲ್ವಾ.

ಆ ಹದಿನಾರು ತಂಡ ಯಾರ್ಯಾರು ಎಂಬಲ್ಲಿ ಒಂದು ತಮಾಷೆ ಇದೆ. ಗುಂಪುಗಳಲ್ಲಿ ಎರಡನೇ ಸ್ಥಾನ ಪಡೆದವರು 12. ಸರಿ, ಲೆಕ್ಕ ಅರ್ಥ ಆಗುತ್ತದೆ. ಇನ್ನು ನಾಲ್ಕು? ಅವು ಬರುವುದು ನೇಷನ್ಸ್ ಲೀಗ್ ಎಂಬ ಬೇರೆಯೇ ಟೂರ್ನಿಯಿಂದ. 2018ರಲ್ಲಿ ಯುಯೆಫಾ ಇದನ್ನು ಶುರು ಮಾಡಿತು. ಅದಕ್ಕೆ ಮೊದಲು ರಾಷ್ಟ್ರೀಯ ತಂಡಗಳು ನಡುನಡುವೆ ಫ್ರೆಂಡ್ಲಿ ಪಂದ್ಯ ಆಡುತ್ತಿದ್ದವು. ಅವು ಸುಮ್ನೆ ಕಾಲು ಆಡಿಸುವ ಪಂದ್ಯಗಳು, ಆಡುವವರಿಗೂ ನೋಡುವವರಿಗೂ ಬೇಜಾರು. ಅದರ ಬದಲು ತಂಡಗಳನ್ನು ಅವುಗಳ ಶಕ್ತಿಗೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ಲೀಗ್ ಮಾಡಿದರು. ಸಮಬಲದವರ ಜೊತೆ ಆಟ, ಗೆದ್ದರೆ ಮೇಲಿನ ಲೀಗಿಗೆ ಬಡ್ತಿ, ಸೋತರೆ ಕೆಳಗೆ. ಇದಕ್ಕೆ ಇನ್ನಷ್ಟು ಜೀವ ಬರಲಿ ಅಂತ, ಇಲ್ಲಿ ಗುಂಪು ಗೆದ್ದವರಿಗೆ ಪ್ಲೇ-ಆಫ್‌ನಲ್ಲಿ ಕೆಲವು ಕುರ್ಚಿ ಮೀಸಲಿಟ್ಟರು. ವಿಶ್ವಕಪ್‌ನ ಮುಖ್ಯ ಗುಂಪಿನಲ್ಲಿ ಮೊದಲೆರಡು ಸ್ಥಾನ ತಪ್ಪಿದರೂ, ನೇಷನ್ಸ್ ಲೀಗ್‌ನ ಗುಂಪು ಗೆದ್ದವರಲ್ಲಿ ಮೇಲಿನ ಸಾಲಿನಲ್ಲಿ ಇದ್ದರೆ ಕರೆ ಬರುತ್ತದೆ. ಪರೀಕ್ಷೆ ಕೆಟ್ಟರೂ ಇಂಟರ್ನಲ್ ಮಾರ್ಕ್ಸ್ ಕೈ ಹಿಡಿದಂತೆ.

ಇದರಿಂದ ಆದ ಪವಾಡ ಸ್ವೀಡನ್. ಇಸಾಕ್, ಯೋಕೆರೆಸ್‌ರಂಥ ದುಬಾರಿ ಗೋಲುಗಾರರಿದ್ದ ತಂಡ ಅದು. 2026ರ ಅರ್ಹತಾ ಸುತ್ತಿನಲ್ಲಿ ಆರು ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ. ಕೊಸೊವೊ ಎದುರು ಎರಡೂ ಸಲ ಸೋತರು. ನಡುವೆಯೇ ಕೋಚ್‌ನನ್ನು ಮನೆಗೆ ಕಳಿಸಿದರು. ಒಟ್ಟು 2 ಅಂಕ, ಗುಂಪಿನಲ್ಲಿ ಕೊನೆಯ ಸ್ಥಾನ. ಆದರೂ ಪ್ಲೇ-ಆಫ್ ಸಿಕ್ಕಿತು! ಯಾಕೆಂದರೆ ಅವರು ಅದಕ್ಕೂ ಮೊದಲು ನೇಷನ್ಸ್ ಲೀಗ್‌ನ ಸಿ ಲೀಗ್‌ನಲ್ಲಿ ತಮ್ಮ ಗುಂಪು ಗೆದ್ದಿದ್ದರು. ಅರ್ಹತಾ ಸುತ್ತಿನ ಗುಂಪಿನಲ್ಲಿ ಅವರಿಗಿಂತ ಎರಡು ಅಂಕ ಜಾಸ್ತಿ ತೆಗೆದ ಸ್ಲೊವೇನಿಯಾ ಮನೆಗೆ ಹೋಯಿತು. ನನ್ನನ್ನು ಕೇಳಿದರೆ ಇದು ನ್ಯಾಯ ಅನ್ನಿಸುವುದಿಲ್ಲ. ಮೂರನೇ ಸ್ಥಾನದವರನ್ನು ಬಿಟ್ಟು ನಾಲ್ಕನೆಯವರನ್ನು ಕರೆಯುವುದು ಯಾವ ಲೆಕ್ಕ? ಅದೇ ವ್ಯವಸ್ಥೆ ಜಾರ್ಜಿಯಾದಂಥ ತಂಡಕ್ಕೆ ಬಾಗಿಲು ತೆಗೆದಾಗ ಮಾತ್ರ ನನಗೂ ಖುಷಿಯಾಗಿತ್ತು, ಒಪ್ಪಿಕೊಳ್ಳುತ್ತೇನೆ. ಅದರ ಕಥೆ ಆಮೇಲೆ ಹೇಳುತ್ತೇನೆ.

ಹದಿನಾರು ತಂಡವನ್ನು ನಾಲ್ಕು ‘ಪಾತ್’ ಅಂದರೆ ನಾಲ್ಕು ದಾರಿಗಳಾಗಿ ಒಡೆಯುತ್ತಾರೆ. ಒಂದು ದಾರಿಯಲ್ಲಿ ನಾಲ್ಕು ತಂಡ. ಒಂದು ಸುತ್ತು ಸೆಮಿಫೈನಲ್, ಗೆದ್ದವರಿಬ್ಬರಿಗೆ ಫೈನಲ್, ಅದರಲ್ಲಿ ಗೆದ್ದವರು ವಿಶ್ವಕಪ್‌ಗೆ. ಸೆಮಿಫೈನಲ್ಲು, ಫೈನಲ್ಲು ಎಂಬ ಹೆಸರು ಕೇಳಿ ಮೋಸ ಹೋಗಬೇಡಿ, ಕೊನೆಗೆ ಕಪ್ ಏನೂ ಇರುವುದಿಲ್ಲ. ಎಲ್ಲವೂ ಒಂದೇ ಪಂದ್ಯ, ಆ ರಾತ್ರಿಯೇ ತೀರ್ಮಾನ. ಸಮ ಆದರೆ ಹೆಚ್ಚುವರಿ ಅರ್ಧ ಗಂಟೆ, ಅದೂ ಸಮ ಆದರೆ ಪೆನಾಲ್ಟಿ. 2026ರ ಪ್ಲೇ-ಆಫ್‌ಗೆ ಇಟ್ಟಿದ್ದು ಮಾರ್ಚ್ ಕೊನೆಯ ಒಂದೇ ವಾರ. ಸೆಮಿಫೈನಲ್ ಯಾರ ಊರಲ್ಲಿ ಎಂಬುದಕ್ಕೆ ಒಳ್ಳೆಯ ರ‍್ಯಾಂಕಿಂಗ್ ಇದ್ದವರಿಗೆ ಆದ್ಯತೆ, ಫೈನಲ್ ಎಲ್ಲಿ ಎಂಬುದು ಚೀಟಿ ಎತ್ತಿ. ನೇಷನ್ಸ್ ಲೀಗ್‌ನಿಂದ ಬಂದ ನಾಲ್ವರು ಸೆಮಿಫೈನಲ್‌ಗೆ ಪರಊರಿಗೇ ಹೋಗಬೇಕು. ಹಿಂಬಾಗಿಲಿನಿಂದ ಬಂದದ್ದಕ್ಕೆ ಅಷ್ಟಾದರೂ ಶಿಕ್ಷೆ.

ಮೊದಲು ಹೀಗಿರಲಿಲ್ಲ. ಹಿಂದೆ ಇಬ್ಬರೇ ಎದುರಾಳಿಗಳು, ಎರಡು ಪಂದ್ಯ, ಒಂದೊಂದು ಊರಲ್ಲಿ ಒಂದೊಂದು. ಒಂದೊಂದು ಪಂದ್ಯಕ್ಕೂ ಲೆಗ್ ಅನ್ನುತ್ತಾರೆ. ಎರಡರ ಗೋಲೂ ಕೂಡಿಸಿ ಲೆಕ್ಕ. ಆ ಪದ್ಧತಿಯ ಅತಿ ಕುಖ್ಯಾತ ರಾತ್ರಿ 2009ರ ನವೆಂಬರ್ 18. ಮೊದಲ ಲೆಗ್‌ನಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಫ್ರಾನ್ಸ್ ಐರ್ಲೆಂಡ್ ಎದುರು 1-0 ಗೆದ್ದಿತ್ತು. ಪ್ಯಾರಿಸ್ಸಿನ ಪಕ್ಕದ ಸೇಂಟ್ ಡೆನಿಸ್‌ನಲ್ಲಿ ರಾಬಿ ಕೀನ್ ಗೋಲಿನಿಂದ ಐರ್ಲೆಂಡ್ ಲೆಕ್ಕ ಸರಿ ಮಾಡಿತು. ಹೆಚ್ಚುವರಿ ಸಮಯದಲ್ಲಿ ತಿಯೆರಿ ಆನ್ರಿ ಹೊರಗೆ ಹೋಗುತ್ತಿದ್ದ ಚೆಂಡನ್ನು ಕೈಯಲ್ಲಿ ತಡೆದು ಗಲಾಸ್‌ಗೆ ಕೊಟ್ಟ, ಗಲಾಸ್ ತಲೆಯಿಂದ ಗೋಲು ಹೊಡೆದ. ಟಿವಿ ನೋಡಿದ ಎಲ್ಲರಿಗೂ ಕೈ ಕಂಡಿತು, ರೆಫರಿಗೆ ಕಾಣಲಿಲ್ಲ. ವಿಡಿಯೊ ನೋಡಿ ತೀರ್ಪು ಸರಿಪಡಿಸುವ ವಿಎಆರ್ ಆಗಿನ್ನೂ ಇರಲಿಲ್ಲ. ಆಗ ವಿಶ್ವಕಪ್‌ನಲ್ಲಿ 32 ತಂಡ. ಐರ್ಲೆಂಡ್ ‘ನಮ್ಮನ್ನು 33ನೇ ತಂಡವಾಗಿ ಸೇರಿಸಿ’ ಅಂತಲೂ ಕೇಳಿತು. ವಿಶ್ವ ಫುಟ್‌ಬಾಲ್ ಒಕ್ಕೂಟ ಫಿಫಾ ಸೇರಿಸಲಿಲ್ಲ. ಕೇಸು ಗೀಸು ಬೇಡ ಅಂತ ಐರಿಷ್ ಒಕ್ಕೂಟಕ್ಕೆ 50 ಲಕ್ಷ ಯುರೋ ಕೊಟ್ಟಿತ್ತು ಎಂಬುದು 2015ರಲ್ಲಿ ಹೊರಬಿತ್ತು.

ಪ್ಲೇ-ಆಫ್ ಎಂಬ ಪದಕ್ಕೆ ಒಂದು ಚಿತ್ರ ಹಾಕಬೇಕೆಂದರೆ ನಾನು ಇಟಲಿಯ ಚಿತ್ರವನ್ನೇ ಹಾಕುತ್ತೇನೆ. ನಾಲ್ಕು ಸಲ ವಿಶ್ವಕಪ್ ಗೆದ್ದ ದೇಶ. 2017ರಲ್ಲಿ ಪ್ಲೇ-ಆಫ್‌ನ ಎರಡು ಪಂದ್ಯದಲ್ಲಿ ಸ್ವೀಡನ್‌ಗೆ ಒಂದೇ ಒಂದು ಗೋಲಿನಿಂದ ಸೋತು, 1958ರ ನಂತರ ಮೊದಲ ಸಲ ವಿಶ್ವಕಪ್ ತಪ್ಪಿಸಿಕೊಂಡಿತು. ಮಿಲಾನ್‌ನಲ್ಲಿ ಗೋಲ್‌ಕೀಪರ್ ಬುಫಾನ್ ಅತ್ತಿದ್ದನ್ನು ಲೋಕವೇ ನೋಡಿತು. ಆಮೇಲೆ ಸುಧಾರಿಸಿಕೊಂಡರು. 2021ರ ಜುಲೈನಲ್ಲಿ ಯುರೋಪಿನ ದೇಶಗಳ ಯುರೋ ಕಪ್ಪನ್ನೇ ಗೆದ್ದರು. ಮುಂದಿನ ವಿಶ್ವಕಪ್‌ನ ಅರ್ಹತಾ ಗುಂಪಿನಲ್ಲಿ ಸ್ವಿಟ್ಜರ್ಲೆಂಡ್ ಜೊತೆ ಎರಡು ಪಂದ್ಯ ಸಮ ಆಯಿತು. ಎರಡರಲ್ಲೂ ಇಟಲಿಯ ಜೊರ್ಜಿನೊ ಪೆನಾಲ್ಟಿ ಹಾಳು ಮಾಡಿದ. ಅದರಲ್ಲಿ ಒಂದು ಒಳಗೆ ಹೋಗಿದ್ದರೂ ಇಟಲಿ ಮೊದಲ ಸ್ಥಾನದಲ್ಲಿರುತ್ತಿತ್ತು. ಹೋಗಲಿಲ್ಲ. ಎರಡನೇ ಸ್ಥಾನ, ಮತ್ತೆ ಪ್ಲೇ-ಆಫ್.

ಸೆಮಿಫೈನಲ್ ಇಟಲಿಯದೇ ಪಾಲೆರ್ಮೊದಲ್ಲಿ, ಎದುರಾಳಿ ಉತ್ತರ ಮೆಸಿಡೋನಿಯಾ. 2022ರ ಮಾರ್ಚ್ 24. ಅಲ್ಲಿ ರಾತ್ರಿ ಊಟದ ಹೊತ್ತು, ನಮಗೆ ಒಂದೂಕಾಲು. ಇಟಲಿ ಮೂವತ್ತಕ್ಕೂ ಹೆಚ್ಚು ಸಲ ಗೋಲಿನತ್ತ ಹೊಡೆಯಿತು, ಒಂದೂ ಹೋಗಲಿಲ್ಲ. 92ನೇ ನಿಮಿಷದಲ್ಲಿ ಟ್ರಾಯ್‌ಕೊವ್‌ಸ್ಕಿ ಎಂಬಾತ ದೂರದಿಂದ ಒಂದು ಹೊಡೆದ, ಹೋಯಿತು. ನಮ್ಮಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಅವನು ಯಾರು ಅಂತ ಆಗ ಗೊತ್ತಿದ್ದದ್ದು ಪಾಲೆರ್ಮೊದವರಿಗೇ ಜಾಸ್ತಿ, ಯಾಕೆಂದರೆ ಅವನು ಹಿಂದೆ ಅದೇ ಊರಿನ ಕ್ಲಬ್‌ಗೆ ಆಡಿದವನು. ಯುರೋಪಿನ ಚಾಂಪಿಯನ್ನರು ವಿಶ್ವಕಪ್‌ಗೇ ಇಲ್ಲ. ಅವರನ್ನು ಕೆಡವಿದ ಮೆಸಿಡೋನಿಯಾವೂ ಫೈನಲ್‌ನಲ್ಲಿ ಪೋರ್ಚುಗಲ್‌ಗೆ ಸೋತು ಮನೆಗೆ ಹೋಯಿತು.

2026ಕ್ಕೆ? ಇಟಲಿಯ ಗುಂಪಿನಲ್ಲಿ ಎರ್ಲಿಂಗ್ ಹಾಲಂಡ್ ಎಂಬ ಗೋಲುಗಾರ ಇದ್ದ ನಾರ್ವೆ ಸಿಕ್ಕಿತು. ಎಂಟಕ್ಕೆ ಎಂಟೂ ಗೆದ್ದು 37 ಗೋಲು ಹೊಡೆದ ನಾರ್ವೆ. ಅದರಲ್ಲಿ 16 ಹಾಲಂಡ್ ಒಬ್ಬನದೇ. ಕೊನೆಯ ಪಂದ್ಯದಲ್ಲಿ ಮಿಲಾನ್‌ಗೇ ಬಂದು 4-1ರಿಂದ ಹೊಡೆದು ಹೋದರು. ಇಟಲಿ ಸತತ ಮೂರನೇ ಸಲ ಪ್ಲೇ-ಆಫ್‌ಗೆ.

ಯುರೋ ಕಪ್‌ನಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಆಡುವವರು 24 ತಂಡ. ಜರ್ಮನಿಯಲ್ಲಿ ನಡೆದ 2024ರ ಯುರೋಗೆ ಹತ್ತು ಗುಂಪಿನ ಮೊದಲೆರಡು ಸ್ಥಾನದವರು ನೇರ ಹೋದರು, ಜರ್ಮನಿ ಆತಿಥೇಯ ಅಂತ ಸುಮ್ಮನೆ ಹೋಯಿತು, ಉಳಿದ ಮೂರು ಜಾಗಕ್ಕೆ ಪ್ಲೇ-ಆಫ್. ಆ ಪ್ಲೇ-ಆಫ್ ಪೂರ್ತಿ ನೇಷನ್ಸ್ ಲೀಗ್ ಲೆಕ್ಕದಲ್ಲಿ. ಇನ್ನೊಂದು ಸಣ್ಣ ವ್ಯತ್ಯಾಸ: ವಿಶ್ವಕಪ್‌ನ ಅರ್ಹತಾ ಗುಂಪಿನಲ್ಲಿ ಇಬ್ಬರ ಅಂಕ ಸಮ ಆದರೆ ಮೊದಲು ಗೋಲು ವ್ಯತ್ಯಾಸ (ಹೊಡೆದದ್ದರಲ್ಲಿ ಹೊಡೆಸಿಕೊಂಡದ್ದು ಕಳೆದು) ನೋಡುತ್ತಾರೆ, ಯುರೋದಲ್ಲಿ ಅವರಿಬ್ಬರ ನಡುವಿನ ಪಂದ್ಯ ಏನಾಗಿತ್ತು ಅಂತ ನೋಡುತ್ತಾರೆ.

ಆಗ ಹೇಳಿದ ಜಾರ್ಜಿಯಾ ಕಥೆ ಇಲ್ಲಿಯದು. ಅರ್ಹತಾ ಗುಂಪಿನಲ್ಲಿ ಸ್ಪೇನ್, ಸ್ಕಾಟ್ಲೆಂಡ್, ನಾರ್ವೆ ಕೆಳಗೆ ನಾಲ್ಕನೇ ಸ್ಥಾನ. ಆದರೆ ಸಿ ಲೀಗ್‌ನ ಗುಂಪು ಗೆದ್ದಿದ್ದರಿಂದ ಪ್ಲೇ-ಆಫ್ ಸಿಕ್ಕಿತು. ಲಕ್ಸೆಂಬರ್ಗ್ ವಿರುದ್ಧ ಗೆದ್ದರು. ಫೈನಲ್ ತಮ್ಮ ರಾಜಧಾನಿ ಟಿಬಿಲಿಸಿಯಲ್ಲೇ, 2024ರ ಮಾರ್ಚ್ 26ರಂದು, ಎದುರಿಗೆ ಹಳೆಯ ಯುರೋ ಚಾಂಪಿಯನ್ ಗ್ರೀಸ್. 120 ನಿಮಿಷ ಆಡಿದರೂ ಗೋಲಿಲ್ಲ. ಪೆನಾಲ್ಟಿಯಲ್ಲಿ 4-2. ಕ್ವೆಕ್ವೆಸ್ಕಿರಿ ಕೊನೆಯ ಪೆನಾಲ್ಟಿ ಹೊಡೆದಾಗ ಜನ ಮೈದಾನಕ್ಕೇ ನುಗ್ಗಿದರು. ಅದು ಆ ದೇಶದ ಮೊಟ್ಟಮೊದಲ ದೊಡ್ಡ ಟೂರ್ನಿ. ಇದೇ ಊರಿನಲ್ಲಿ 2020ರ ನವೆಂಬರ್‌ನಲ್ಲಿ ಇಂಥದೇ ಪ್ಲೇ-ಆಫ್ ಫೈನಲ್‌ನಲ್ಲಿ ಮೆಸಿಡೋನಿಯಾದ ಪಾಂಡೆವ್ ಗೋಲಿಗೆ ಸೋತಿದ್ದರು, ಆ ಗಾಯ ಇನ್ನೂ ಹಸಿಯಾಗಿತ್ತು. ಜರ್ಮನಿಗೆ ಹೋಗಿ ಜಾರ್ಜಿಯಾ ಸುಮ್ಮನೆ ಬರಲಿಲ್ಲ, ಪೋರ್ಚುಗಲ್ಲನ್ನು 2-0ರಿಂದ ಸೋಲಿಸಿ ಹದಿನಾರರ ಘಟ್ಟಕ್ಕೆ ಹೋದರು.

ಆತಿಥೇಯರಿಗೆ ಬಿಟ್ಟಿ ಟಿಕೆಟ್ ಎಂಬುದೂ ಎಲ್ಲ ಕಾಲಕ್ಕೂ ಇದ್ದ ನಿಯಮ ಅಲ್ಲ. 1934ರಲ್ಲಿ ವಿಶ್ವಕಪ್‌ಗೆ ಮೊದಲ ಸಲ ಅರ್ಹತಾ ಸುತ್ತು ಇಟ್ಟಾಗ ಆತಿಥೇಯ ಇಟಲಿಯೇ ಗ್ರೀಸ್ ಜೊತೆ ಆಡಿ ಗೆದ್ದು ಒಳಗೆ ಬರಬೇಕಾಯಿತು. ಈಗ 2028ರ ಯುರೋ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಕಡೆ ನಡೆಯಬೇಕು. ನಾಲ್ವರಿಗೂ ಬಿಟ್ಟಿ ಕೊಟ್ಟರೆ ಉಳಿದವರು ಸುಮ್ಮನಿರುತ್ತಾರಾ? ಹಾಗಾಗಿ ನಾಲ್ವರೂ ಎಲ್ಲರಂತೆ ಅರ್ಹತಾ ಸುತ್ತು ಆಡಬೇಕು. ಅದರಲ್ಲಿ ಬಿದ್ದವರಲ್ಲಿ ಹೆಚ್ಚೆಂದರೆ ಇಬ್ಬರನ್ನು ಮೀಸಲು ಕುರ್ಚಿಯಲ್ಲಿ ಕೂರಿಸುತ್ತಾರೆ. ಯಾರೂ ಬೀಳದಿದ್ದರೆ ಆ ಎರಡು ಕುರ್ಚಿಯೂ ಪ್ಲೇ-ಆಫ್ ಆಡುವವರಿಗೆ. ಅಂದರೆ ವೇಲ್ಸ್ ಚೆನ್ನಾಗಿ ಆಡಲಿ ಅಂತ ಈ ಸಲ ಹರಕೆ ಹೊರುವವರು ವೇಲ್ಸಿನ ಹೊರಗೂ ಜಾಸ್ತಿ ಜನ ಇರುತ್ತಾರೆ.