ಐದನೆಯ ಬಾಟ್ಲಿ

"ಯಾಕ್ ಸಾ, ಬಾಟ್ಲಿ ನಿಲ್ಲಿಸ್ಬುಟ್ರಲ್ಲ?"

ಮೈಸೂರಿನ ನಮ್ಮ ಐಸಿಯು ಬಾಗಿಲಲ್ಲಿ ಹೀಗೆ ಕೇಳಿದವರು ಮದ್ದೂರು ಕಡೆಯ ಕಬ್ಬು ಬೆಳೆಗಾರರೊಬ್ಬರ ಮಗ. ಅಪ್ಪನಿಗೆ ಮೂತ್ರದ ಸೋಂಕು ರಕ್ತಕ್ಕೆ ಹರಡಿತ್ತು. ಊರ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಅರ್ಧ ಲೀಟರಿನ ನಾಲ್ಕು ಬಾಟ್ಲಿ ಡ್ರಿಪ್ಸ್ ಹಾಕಿ ಕಳಿಸಿದ್ದರು. ನಮ್ಮಲ್ಲಿಗೆ ಬಂದಾಗಲೂ ಬಿಪಿ 80/50.

ನಾಲ್ಕು ಬಾಟ್ಲಿ ಹಾಕಿದ್ದು ತಪ್ಪೇನಲ್ಲ. ಇಂಥ ಸೋಂಕಿನಲ್ಲಿ ಬಿಪಿ ಬಿದ್ದರೆ ಮೊದಲ 3 ಗಂಟೆಯೊಳಗೆ ಕೆಜಿಗೆ 30 ಎಂಎಲ್‌ನಂತೆ ಕೊಡಿ ಅಂತ ಮಾರ್ಗಸೂಚಿಗಳೇ ಹೇಳುತ್ತವೆ. 60 ಕೆಜಿ ತೂಕದವರಿಗೆ ಅದು 1.8 ಲೀಟರ್. ತಲೆನೋವು ಶುರುವಾಗುವುದು ಐದನೆಯ ಬಾಟ್ಲಿಯಿಂದ.

ಆ ಹುಡುಗನಿಗೆ ಗದ್ದೆಯ ಮಾತಲ್ಲೇ ಹೇಳಿದೆ. ಒಣಗಿದ ಗದ್ದೆಗೆ ನಾಲೆ ನೀರು ಬಿಟ್ಟರೆ ಕುಡಿಯುತ್ತದೆ. ತುಂಬಿದ ಗದ್ದೆಗೆ ಬಿಟ್ಟರೆ ಬದು ದಾಟಿ ಪಕ್ಕದವರ ಗದ್ದೆಗೆ ನುಗ್ಗುತ್ತದೆ. ಹೃದಯದ ಪಕ್ಕದ ಗದ್ದೆ ಶ್ವಾಸಕೋಶ. ಅಲ್ಲಿ ನೀರು ನಿಂತರೆ ಉಸಿರಾಟಕ್ಕೇ ಕುತ್ತು.

ಜರ್ಮನಿಯ ಫ್ರಾಂಕ್, ಇಂಗ್ಲೆಂಡಿನ ಸ್ಟಾರ್ಲಿಂಗ್ ನೂರು ವರ್ಷದ ಹಿಂದೆಯೇ ಇದನ್ನು ಕಂಡುಕೊಂಡಿದ್ದರು. ಹೃದಯದ ಸ್ನಾಯು ತುಸು ಹಿಗ್ಗಿದಷ್ಟೂ ಜೋರಾಗಿ ಒತ್ತುತ್ತದೆ. ಆದರೆ ಒಂದು ಹಂತದವರೆಗೆ ಮಾತ್ರ. ಆಮೇಲೆ ಎಷ್ಟು ತುಂಬಿದರೂ ಹೊರಗೆ ಹೋಗುವ ರಕ್ತ ಹೆಚ್ಚುವುದಿಲ್ಲ. ಐಸಿಯುನಲ್ಲಿ ಬಿಪಿ ಬಿದ್ದವರ ಪೈಕಿ ಹೆಚ್ಚುಕಡಿಮೆ ಅರ್ಧ ಜನರಿಗೆ ಮಾತ್ರ ಬಾಟ್ಲಿಯಿಂದ ಹೃದಯದ ಕೆಲಸ ಸುಧಾರಿಸುತ್ತದೆ. ಯಾವ ಅರ್ಧ ಅಂತ ಮುಖ ನೋಡಿ ಹೇಳಲು ಬರುವುದಿಲ್ಲ.

ನಾವು ಕಲಿಯುವಾಗ ಸಿವಿಪಿಯದೇ ದರ್ಬಾರು. ಕತ್ತಿನ ದೊಡ್ಡ ಅಭಿಧಮನಿಗೆ ನಳಿಗೆ ಹಾಕಿ ಹೃದಯಕ್ಕೆ ಮರಳುವ ರಕ್ತದ ಒತ್ತಡ, ಅಂದರೆ ಸಿವಿಪಿ, ಅಳೆಯುವುದು, 8ರಿಂದ 12 ಬರುವವರೆಗೆ ಫ್ಲೂಯಿಡ್ ಓಡಿಸುವುದು. 2008ರಲ್ಲಿ 24 ಅಧ್ಯಯನಗಳ 803 ರೋಗಿಗಳ ಲೆಕ್ಕ ಒಟ್ಟಿಗೆ ನೋಡಿದಾಗ, ಸಿವಿಪಿ ನೋಡಿ ಊಹಿಸುವುದಕ್ಕೂ ನಾಣ್ಯ ಚಿಮ್ಮುವುದಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ರೌಂಡ್ಸ್‌ನಲ್ಲಿ "ಸಿವಿಪಿ ಎಷ್ಟು?" ಅಂತ ಕೇಳುವ ಅಭ್ಯಾಸ ಹೋಗಿಲ್ಲ. ನನಗೂ ಹೋಗಿಲ್ಲ.

ವೆಂಟಿಲೇಟರ್ ಮೇಲಿದ್ದವರಿಗೆ ಇನ್ನೊಂದು ದಾರಿ ಇದೆ. ಯಂತ್ರ ಉಸಿರು ತುಂಬಿದಂತೆ ನಾಡಿಯ ಒತ್ತಡ ಏರಿಳಿಯುತ್ತದೆ. ಆ ಏರಿಳಿತ ಸುಮಾರು 13 ಶೇಕಡಾ ದಾಟಿದರೆ ಹೃದಯಕ್ಕೆ ಇನ್ನೂ ಹಸಿವಿದೆ ಅಂತ. ಷರತ್ತುಗಳು ಮಾತ್ರ ಜಾಸ್ತಿ. ಪ್ರತಿ ಉಸಿರೂ ಕೆಜಿಗೆ 8 ಎಂಎಲ್‌ನಷ್ಟಾದರೂ ಇರಬೇಕು, ರೋಗಿ ತಾನಾಗಿ ಉಸಿರು ಎಳೆಯಬಾರದು, ನಾಡಿಯ ಲಯ ತಪ್ಪಿರಬಾರದು. ನಮ್ಮ ರೋಗಿ ಸ್ವಂತ ಉಸಿರಲ್ಲಿದ್ದರು. ಹಾಗಾಗಿ ಇದು ಲೆಕ್ಕಕ್ಕಿಲ್ಲ.

ನನಗೆ ಇಷ್ಟವಾದ ಪರೀಕ್ಷೆಗೆ ಮಂಚ ಸಾಕು. ಕಾಲೆತ್ತುವ ಪರೀಕ್ಷೆ.

ರೋಗಿಯನ್ನು ತಲೆಯ ಕಡೆ 45 ಡಿಗ್ರಿ ಎತ್ತಿ ಮಲಗಿಸಿರಬೇಕು. ಆಮೇಲೆ ಮಂಚದ ಮೋಟಾರ್ ಒತ್ತಿ ಬೆನ್ನಿನ ಭಾಗ ಮಟ್ಟಸ ಮಾಡಿ, ಕಾಲಿನ ಭಾಗ 45 ಡಿಗ್ರಿ ಎತ್ತಬೇಕು. ಕಾಲಲ್ಲಿ, ಹೊಟ್ಟೆಯಲ್ಲಿ ನಿಂತಿದ್ದ ಸುಮಾರು 300 ಎಂಎಲ್ ರಕ್ತ ಎದೆಗೆ ಇಳಿಯುತ್ತದೆ. ಅವರದೇ ರಕ್ತ, ಒಂದು ನಿಮಿಷದ ಕೈಸಾಲ. ಕಾಲು ಇಳಿಸಿದರೆ ಸಾಲ ತೀರಿತು. ಬಾಟ್ಲಿಯಿಂದ ಹೋದದ್ದು ಹಾಗೆ ವಾಪಸ್ ಬರುತ್ತದೆಯೇ?

ಕೈಯಿಂದ ಕಾಲು ಹಿಡಿದು ಎತ್ತಬಾರದು. ನೋವಿಗೋ ಗಾಬರಿಗೋ ನಾಡಿ ಏರಿದರೆ ಉತ್ತರ ಸುಳ್ಳಾಗುತ್ತದೆ. ಬರೀ ಬಿಪಿ ನೋಡಿ ತೀರ್ಮಾನಿಸುವುದೂ ಸಾಲದು. ಪ್ರತಿ ಬಡಿತಕ್ಕೆ ಹೃದಯ ಎಷ್ಟು ರಕ್ತ ತಳ್ಳುತ್ತದೆ ಅಂತ ಎಕೋದಲ್ಲಿ ಅಳೆಯಬೇಕು. ಅಲ್ಲಿ ಸಿಗುವ ಸಂಖ್ಯೆಗೆ ವಿಟಿಐ ಅನ್ನುತ್ತಾರೆ. ಅದು 10ರಿಂದ 15 ಶೇಕಡಾ ಏರಿದರೆ ಫ್ಲೂಯಿಡ್ ಕೆಲಸ ಮಾಡುತ್ತದೆ ಅಂತ ಅರ್ಥ. ಅದನ್ನೂ ಒಂದು ನಿಮಿಷದೊಳಗೇ ಹಿಡಿಯಬೇಕು, ಬೇಗ ಇಳಿದುಬಿಡುತ್ತದೆ. ಹೊಟ್ಟೆ ಬಿಗಿದು ಉಬ್ಬಿದವರಲ್ಲಿ ಈ ಪರೀಕ್ಷೆ ಕೈಕೊಡಬಹುದು. ತಲೆಗೆ ಪೆಟ್ಟಾಗಿದ್ದರೆ ಮಾಡುವ ಹಾಗೇ ಇಲ್ಲ.

ನಮ್ಮ ರೋಗಿಯ ವಿಟಿಐ ಮೊದಲು 16 ಸೆಂ.ಮೀ. ಕಾಲೆತ್ತಿದಾಗ 16.5. ಗದ್ದೆ ತುಂಬಿತ್ತು. ಬಿಪಿ ಕಡಿಮೆಯಾದದ್ದು ರಕ್ತನಾಳಗಳು ಸಡಿಲವಾಗಿದ್ದರಿಂದ. ರಕ್ತನಾಳ ಬಿಗಿ ಮಾಡುವ ನಾರ್‌ಅಡ್ರಿನಲಿನ್ ಶುರು ಮಾಡಿದೆವು, ಬಿಪಿ ಮೇಲೆ ಬಂತು.

ಇಲ್ಲಿ ಕಿರಿಯ ವೈದ್ಯರು ಎಡವುವ ಜಾಗ ಒಂದಿದೆ. ಪರೀಕ್ಷೆ ಪಾಸಾದರೆ ಬಾಟ್ಲಿ ಹಾಕಲೇಬೇಕು ಅಂದುಕೊಳ್ಳುತ್ತಾರೆ. ಚಾಮುಂಡಿ ಬೆಟ್ಟ ಹತ್ತಿ ಇಳಿಯುವ ಗಟ್ಟಿ ಆಳಿನ ಕಾಲೆತ್ತಿದರೂ ವಿಟಿಐ ಏರಬಹುದು. ಅವನಿಗೆ ಯಾಕೆ ಡ್ರಿಪ್ಸ್, ಅಲ್ವಾ? ಮೂತ್ರ ಕಡಿಮೆಯಾಗಿದೆಯೇ, ಕೈಕಾಲು ತಣ್ಣಗಿವೆಯೇ, ರಕ್ತದಲ್ಲಿ ಲ್ಯಾಕ್ಟೇಟ್ ಏರಿದೆಯೇ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದಾಗಿದೆಯೇ ಅಂತ ಮೊದಲು ನೋಡಬೇಕು.

ಇವೆಲ್ಲ ಹೇಳಿದ ಮೇಲೂ ಮಗನಿಗೆ ಸಮಾಧಾನವಿಲ್ಲ. "ಶಕ್ತಿಗಾದ್ರೂ ಒಂದ್ ಗ್ಲೂಕೋಸ್ ಹಾಕಿ ಸಾ" ಅಂದರು. ನಮ್ಮ ಕಡೆ ನೇತುಹಾಕಿದ್ದೆಲ್ಲ ಗ್ಲೂಕೋಸೇ. ಬಹುಪಾಲು ಅದು ಉಪ್ಪುನೀರು. ನಿಜವಾದ ಅರ್ಧ ಲೀಟರ್ ಗ್ಲೂಕೋಸ್ ಬಾಟ್ಲಿಯಲ್ಲೂ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ. ಒಂದು ರಾಗಿ ಮುದ್ದೆಯ ಶಕ್ತಿ ಅದಕ್ಕಿಲ್ಲ.

ಮೂರನೆಯ ದಿನ ಸೋಂಕು ಇಳಿಯಿತು, ನಾರ್‌ಅಡ್ರಿನಲಿನ್ ನಿಂತಿತು. ಕಾಲು ಊದಿಕೊಂಡಿತ್ತು, ಎದೆಯ ತಳದಲ್ಲಿ ಸ್ವಲ್ಪ ನೀರಿತ್ತು. ಮೂತ್ರ ಹೋಗಲು ಫ್ರುಸೆಮೈಡ್ ಕೊಟ್ಟೆವು. ಸಂಜೆ ಮೂತ್ರದ ಚೀಲ ತುಂಬಿದ್ದು ನೋಡಿ ಮಗ ನಕ್ಕರು.

"ಅಲ್ಲಾ ಸಾ, ಅಲ್ಲಿ ಹಾಕಿದ್ದನ್ನೇ ಇಲ್ಲಿ ತೆಗೀತಾ ಇದೀರಲ್ಲ!"