ಕೊಡದ ಬಾಡಿಗೆ ಖರ್ಚು, ಕಟ್ಟಿದ ವಿಮೆ ಖರ್ಚಲ್ಲ: ಇದೆಂಥ ಲೆಕ್ಕ?

ಪ್ರಶ್ನೆ: ನನ್ನದು ಚಿಕ್ಕ ಸ್ಟೇಷನರಿ ಅಂಗಡಿ. ಮಾರ್ಚ್ ತಿಂಗಳ ಬಾಡಿಗೆ 18,000 ರೂಪಾಯಿಯನ್ನು ಏಪ್ರಿಲ್ 5ರಂದು ಕೊಟ್ಟೆ. ಲೆಕ್ಕ ಬರೆಯುವವರು ಅದನ್ನು ಮಾರ್ಚ್ 31ಕ್ಕೇ ಖರ್ಚು ಹಾಕಿದ್ದಾರೆ. ಜನವರಿ 1ರಂದು ಒಂದು ವರ್ಷಕ್ಕೆಂದು ಕಟ್ಟಿದ ವಿಮೆಯ 12,000 ರೂಪಾಯಿಯಲ್ಲಿ ಮಾತ್ರ ಬರೀ 3,000 ಖರ್ಚು ತೋರಿಸಿದ್ದಾರೆ. ಇದು ತಪ್ಪಲ್ಲವೇ?

ಉತ್ತರ: ತಪ್ಪಲ್ಲ. ನೀವು ಗಲ್ಲಾಪೆಟ್ಟಿಗೆ ನೋಡಿ ಕೇಳುತ್ತಿದ್ದೀರಿ, ಅವರು ಕ್ಯಾಲೆಂಡರ್ ನೋಡಿ ಬರೆದಿದ್ದಾರೆ. ಮಾರ್ಚ್ ಪೂರ್ತಿ ಆ ಮಳಿಗೆಯಲ್ಲಿ ಕೂತು ವ್ಯಾಪಾರ ಮಾಡಿದ್ದೀರಿ. ಆ ತಿಂಗಳ ಮಾರಾಟವೆಲ್ಲ ಈ ವರ್ಷದ ಲಾಭಕ್ಕೆ ಸೇರಿದೆ. ಬಾಡಿಗೆಯನ್ನು ಮಾತ್ರ ಮುಂದಿನ ವರ್ಷದ ತಲೆಗೆ ಕಟ್ಟಿದರೆ ಲಾಭ 18,000 ರೂಪಾಯಿಯಷ್ಟು ಸುಳ್ಳೇ ಉಬ್ಬುತ್ತದೆ. ವಿಮೆಯದು ಇದರ ತಿರುವುಮುರುವು. ಮಾರ್ಚ್ 31ಕ್ಕೆ ಕಳೆದದ್ದು ಮೂರೇ ತಿಂಗಳು. ಉಳಿದ ಒಂಬತ್ತು ತಿಂಗಳ 9,000 ರೂಪಾಯಿ ಇನ್ನೂ ನಿಮ್ಮ ಸ್ವತ್ತು. ಆದ್ದರಿಂದ ಅದು ‘ಮುಂಗಡ ಪಾವತಿ’ ಎಂದು ಆಸ್ತಿಯ ಕಡೆ ಕೂರುತ್ತದೆ.

ಇವಕ್ಕೇ ಹೊಂದಾಣಿಕೆ ನಮೂದುಗಳೆಂದು ಹೆಸರು. ಹಣ ಯಾವಾಗ ಕೈಬದಲಾಯಿತು ಎಂದು ನೋಡದೆ, ಖರ್ಚು ಯಾವ ಅವಧಿಯದೋ ಆ ಅವಧಿಗೇ ಬರೆಯುವ ಈ ಪದ್ಧತಿ 2013ರ ಕಂಪನಿ ಕಾಯ್ದೆಯಂತೆ ಕಂಪನಿಗಳಿಗೆ ಕಡ್ಡಾಯ. ಒಬ್ಬರೇ ನಡೆಸುವ ಅಂಗಡಿಗೆ, ಹಣ ಕೊಟ್ಟ ಅಥವಾ ಬಂದ ದಿನವೇ ಬರೆಯುವ ನಗದು ಪದ್ಧತಿಯ ಆಯ್ಕೆಯೂ ಇದೆ, ಆದರೆ ಅನುಕೂಲ ನೋಡಿಕೊಂಡು ವರ್ಷಕ್ಕೊಂದು ಪದ್ಧತಿ ಹಿಡಿಯುವಂತಿಲ್ಲ. ಗುರುತು ಹಿಡಿಯುವುದು ಸುಲಭ: ಹೊಂದಾಣಿಕೆ ನಮೂದಿನಲ್ಲಿ ನಗದು ಖಾತೆಯೂ ಬ್ಯಾಂಕ್ ಖಾತೆಯೂ ಬರುವುದಿಲ್ಲ. ಬಂದಿದ್ದರೆ ಎಲ್ಲೋ ಎಡವಿದ್ದಾರೆ ಎಂದೇ ತಿಳಿಯಿರಿ. ಕಂಪ್ಯೂಟರ್, ಪೀಠೋಪಕರಣಗಳ ಸವಕಳಿಯೂ, ಅಂದರೆ ಬಳಸಿದಂತೆ ಅವುಗಳ ಬೆಲೆಯಲ್ಲಿ ವರ್ಷವರ್ಷ ಖರ್ಚಿಗೆ ಹಾಕುವ ಪಾಲೂ, ಇದೇ ಜಾತಿಯದು.

ನೀವು ಕೇಳದಿದ್ದರೂ ದಾಸ್ತಾನಿನ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಸ್ಟೇಷನರಿ ಅಂಗಡಿಯವರು ಜಾರುವುದೇ ಇಲ್ಲಿ. ಮೇಲಿನ ಅಟ್ಟದಲ್ಲಿ ಜನವರಿಗೆ ತಂದ ಡೈರಿಗಳು ಉಳಿದಿವೆಯೇ? ತಲಾ 120 ರೂಪಾಯಿಗೆ ತಂದ 40 ಡೈರಿಗಳಿವೆ ಎನ್ನೋಣ. ಅಸಲು 4,800. ಆದರೆ ಮೂರು ತಿಂಗಳು ಕಳೆದ ಡೈರಿಯನ್ನು ಯಾರು ಕೊಳ್ಳುತ್ತಾರೆ? 50ಕ್ಕೆ ಹೋದರೆ ಪುಣ್ಯ. ಅಸಲು ಬೆಲೆ, ಮಾರಿದರೆ ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ಅಂದರೆ ದಾಸ್ತಾನು 2,000. ಮಿಕ್ಕ 2,800 ಈ ವರ್ಷದ್ದೇ ನಷ್ಟ. ಹಾಳೆ ಖಾಲಿ ಇದೆಯಲ್ಲ ಎಂದು ಪೂರ್ತಿ ಬೆಲೆ ಬರೆದುಕೊಳ್ಳಲು ಮನಸ್ಸು ಎಳೆಯುತ್ತದೆ, ಬರೆಯಬೇಡಿ.

ಇನ್ನು ಏಪ್ರಿಲ್ 5ರ ನಮೂದನ್ನು ತೆರೆದು ನೋಡಿ. ಮಾರ್ಚ್ 31ರಂದು ಬಾಡಿಗೆ ಖಾತೆಗೆ ಡೆಬಿಟ್, ‘ಕೊಡಬೇಕಾದ ಬಾಡಿಗೆ’ ಖಾತೆಗೆ ಕ್ರೆಡಿಟ್ ಮಾಡಿದ್ದಾರೆ, ಅಂದರೆ ಖರ್ಚನ್ನೂ ಬಾಕಿಯನ್ನೂ ಒಟ್ಟಿಗೆ ಏರಿಸಿದ್ದಾರೆ. ಹಣ ಕೊಟ್ಟ ದಿನ ಡೆಬಿಟ್ ಆಗಿ ಇಳಿಯಬೇಕಾದದ್ದು ಆ ‘ಕೊಡಬೇಕಾದ ಬಾಡಿಗೆ’ ಖಾತೆಯೇ, ಹೊಸ ವರ್ಷದ ಬಾಡಿಗೆ ಖಾತೆಯಲ್ಲ. ಅಭ್ಯಾಸಬಲದಿಂದ ಬಾಡಿಗೆ ಖಾತೆಗೇ ಬರೆದುಬಿಟ್ಟಿದ್ದರೆ, ಬರುವ ಮಾರ್ಚ್‌ನಲ್ಲಿ ನಿಮ್ಮ ಪುಸ್ತಕ ಹದಿಮೂರು ತಿಂಗಳ ಬಾಡಿಗೆ ತೋರಿಸುತ್ತದೆ. 2,16,000 ಇರಬೇಕಾದ ಜಾಗದಲ್ಲಿ 2,34,000. ಮನೆಮಾಲೀಕರಿಗೆ ತೀರಿಸಿದ 18,000 ಮಾತ್ರ ಇನ್ನೂ ಬಾಕಿ ಎಂದೇ ಉಳಿದಿರುತ್ತದೆ.