ಇಳಿಮುಖ ಪ್ರತಿಫಲ: ಬೆಲೆ ಏರಿದ ಮಾತ್ರಕ್ಕೆ ಫಲ ಇಳಿಯುವುದಿಲ್ಲ

“60 ದಾಟಿದ ಮೇಲೆ ಸ್ಕಿಲ್ ಏರಿಸಿ ಪ್ರಯೋಜನ ಇಲ್ಲ, ಡಿಮಿನಿಶಿಂಗ್ ರಿಟರ್ನ್ಸ್.” ಸರ್ವೈವಲ್ ಆಟಗಳ, ಅಂದರೆ ಬದುಕುಳಿಯುವುದೇ ಗುರಿಯಾದ ವಿಡಿಯೋ ಆಟಗಳ, ಮಾತು ಬಂದಲ್ಲೆಲ್ಲ ಈ ತೀರ್ಪು ಕೇಳಿಸುತ್ತದೆ. ಬಹುಪಾಲು ಸಲ ಹೇಳುವವರ ಮನಸ್ಸಿನಲ್ಲಿರುವುದು ಒಂದೇ: ಲೆವೆಲ್ ಏರಲು ತುಂಬಾ ಹೊತ್ತು ಹಿಡಿಯುತ್ತಿದೆ. ಅದಕ್ಕೆ ಇಳಿಮುಖ ಪ್ರತಿಫಲ ಎಂಬ ಈ ಪದ ಹೊಂದುವುದಿಲ್ಲ.

ಇದು ಹೊಲದಿಂದ ಬಂದ ಪದ. 1815ರಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆ ಮತ್ತು ಗೇಣಿಯ ವಾದ ಜೋರಾಗಿದ್ದಾಗ ಮಾಲ್ಥಸ್, ರಿಕಾರ್ಡೊ ಮುಂತಾದ ಅರ್ಥಶಾಸ್ತ್ರಜ್ಞರು ಇದನ್ನು ಬೆಳೆಸಿದರು. ಅಷ್ಟೇ ನೆಲ, ಅದೇ ಬೆಳೆ. ಮೊದಲ ಮೂಟೆ ಗೊಬ್ಬರಕ್ಕೆ ಐದು ಚೀಲ ರಾಗಿ ಹೆಚ್ಚಿಗೆ ಬಂತು ಎನ್ನಿ. ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು. ಒಟ್ಟು ಇಳುವರಿ ಇಲ್ಲಿ ಏರುತ್ತಲೇ ಇದೆ. ಇಳಿದದ್ದು ಕೊನೆಯ ಮೂಟೆ ತಂದ ಹೆಚ್ಚಳ. ಗೊಬ್ಬರದ ಅಂಗಡಿಯಲ್ಲಿ ಮೂಟೆಯ ದರ ಏರಿತೆಂದರೆ ಅದು ಬೇರೆಯೇ ಸಂಕಟ. ನಮ್ಮ ಆಟಗಾರರು ಬೆರೆಸುವುದು ಈ ಎರಡನ್ನೇ.

ವ್ಯಾಲ್‌ಹೈಮ್ ಎಂಬ ಸರ್ವೈವಲ್ ಆಟ ತೆಗೆದುಕೊಳ್ಳಿ. ಅಲ್ಲಿ ಓಡಿದರೆ ಓಟ ಪಳಗುತ್ತದೆ, ಹೊಡೆದರೆ ಆಯುಧ ಪಳಗುತ್ತದೆ, 0ರಿಂದ 100ರವರೆಗೆ. ಮುಂದಿನ ಲೆವೆಲ್ಲಿನ ಬೆಲೆ, ಅಂದರೆ ಅದಕ್ಕೆ ಗಳಿಸಬೇಕಾದ ಅಂಕ, ಹೀಗೆ: ಆ ಲೆವೆಲ್ ಸಂಖ್ಯೆಯ 1.5ನೇ ಘಾತ, ಅದರ ಅರ್ಧ, ಮೇಲೆ ಅರ್ಧ ಅಂಕ. 10ನೇ ಲೆವೆಲ್‌ಗೆ ಸುಮಾರು 16, 50ಕ್ಕೆ 177, 100ಕ್ಕೆ 500. ಸೊನ್ನೆಯಿಂದ 50ರವರೆಗಿನ ಒಟ್ಟು ಖರ್ಚು 100ರವರೆಗಿನ ಖರ್ಚಿನ ಐದನೇ ಒಂದು ಭಾಗವೂ ಅಲ್ಲ. ಏರಿದ್ದು ಬೆಲೆ. ಫಲ? ಓಟದ ವೇಗ ಪ್ರತಿ ಲೆವೆಲ್‌ಗೂ ಶೇ. 0.25 ಹೆಚ್ಚುತ್ತದೆ, 3ರಲ್ಲೂ ಅಷ್ಟೇ, 93ರಲ್ಲೂ ಅಷ್ಟೇ.

ನಿಜವಾದ ಇಳಿಮುಖ ಅದೇ ಆಟದಲ್ಲಿದೆ, ಆದರೆ ಆಯುಧದ ಹಾನಿಯಲ್ಲಿ, ಅದೂ 75ರ ಆಚೆಗೆ. ಪ್ರತಿ ಏಟಿನ ಹಾನಿ ಒಂದು ಸರಾಸರಿಯ ಆಚೀಚೆ, ಆಯುಧದ ಪೂರ್ಣ ಹಾನಿಯ ಶೇ. 15ರಷ್ಟು, ತೂಗಾಡುತ್ತದೆ. ಸರಾಸರಿ ಆ ಪೂರ್ಣ ಹಾನಿಯ ಶೇ. 40ರಿಂದ ಹೊರಟು ಲೆವೆಲ್‌ಗೆ 0.6ರಂತೆ ಏರುತ್ತದೆ. 75ರಲ್ಲಿ ಅದು 85 ಮುಟ್ಟಿದಾಗ ಮೇಲಿನ ತುದಿ 100ಕ್ಕೆ ತಗಲಿ ನಿಲ್ಲುತ್ತದೆ. ಅಲ್ಲಿಂದ ಏರುವುದು ಕೆಳತುದಿ ಮಾತ್ರ. ಹಾಗಾಗಿ ಲೆವೆಲ್ಲಿನ ಲಾಭ 0.3ಕ್ಕೆ, ಅಂದರೆ ಅರ್ಧಕ್ಕೆ, ಬೀಳುತ್ತದೆ. “75ರ ಮೇಲೆ ಕತ್ತಿಗೆ ಇಳಿಮುಖ ಪ್ರತಿಫಲ” ಎಂದರೆ ಮಾತು ಸರಿ.

“ಆಡಿದ ಗಂಟೆಗೆ ಅಳೆದರೆ ಎರಡೂ ಒಂದೇ ತಾನೇ?” ಎಂಬ ತಕರಾರು ಬರುತ್ತದೆ. ಗಂಟೆಗೆ ಅಳೆದರೆ ಹೌದು. ಹಾಗಿದ್ದರೆ “ಗಂಟೆಗೆ” ಎಂದು ಬಾಯಿಬಿಟ್ಟು ಹೇಳಬೇಕು. ಆಟ ಕಟ್ಟುವವರಿಗೆ ಮಾತ್ರ ಎರಡೂ ಒಂದೇ ಅಲ್ಲ, ಏಕೆಂದರೆ ಸಾವು ಕಸಿದುಕೊಳ್ಳುವುದು ಗಂಟೆಯನ್ನಲ್ಲ, ಲೆವೆಲ್ಲನ್ನು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಸತ್ತರೆ ಪ್ರತಿ ಸ್ಕಿಲ್ಲಿನ ಶೇ. 5 ಹೋಗುತ್ತದೆ. 20ರಲ್ಲಿದ್ದವರಿಗೆ ಒಂದು ಲೆವೆಲ್, ಮರಳಿ ಗಳಿಸಲು ಸುಮಾರು 45 ಅಂಕ. 100ರಲ್ಲಿದ್ದವರಿಗೆ ಐದು ಲೆವೆಲ್, ಸುಮಾರು 2,430 ಅಂಕ. ಪಳಗಿದವರನ್ನು ಹದ್ದುಬಸ್ತಿನಲ್ಲಿಡುವ ತೂಕ ಇರುವುದು ಇಲ್ಲಿ. ಬೆಲೆಯನ್ನು ಸಮವಾಗಿಟ್ಟು ಫಲವನ್ನು ಇಳಿಸಿದ್ದರೆ ಆ ಐದು ಲೆವೆಲ್ ಹೋದದ್ದು ಯಾರಿಗೂ ತಟ್ಟುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಹೇರಿದರೆ ಒಂದೇ ದುಡಿಮೆಗೆ ಎರಡು ಸಲ ಸುಂಕ, ಆಟಗಾರ 70ರಲ್ಲೇ ಕೈಬಿಡುತ್ತಾನೆ.

ಲೆವೆಲ್ ತಡವಾಗುತ್ತಿದೆ ಅನ್ನುವುದಷ್ಟೇ ದೂರಾದರೆ “ಬೆಲೆ ಏರಿದೆ” ಎನ್ನಿ. ಅದಕ್ಕೆ ಮದ್ದೂ ಬೇರೆ: ಬೆಂಕಿ, ಸೂರು, ಕುರ್ಚಿ ಜೋಡಿಸಿ ರೆಸ್ಟೆಡ್ ಬೋನಸ್ (ದಣಿವಾರಿಸಿಕೊಂಡವರಿಗೆ ಆಟ ಕೊಡುವ ಲಾಭ) ಪಡೆದು ಹೊರಟರೆ ಸ್ಕಿಲ್ ಗಳಿಕೆ ಒಂದೂವರೆ ಪಟ್ಟು. 75ರಾಚೆಯ ಕತ್ತಿಯ ಇಳಿಮುಖಕ್ಕೆ ಆ ಮದ್ದು ನಾಟುವುದಿಲ್ಲ.